ಪ್ರಶ್ನೋತ್ತರ: ಟೂರ್ ಕಂಪನಿ ಬಿಟ್ಟು ನಾವಿಬ್ಬರೇ ಪ್ರಾಗ್‌ಗೆ ಹೋಗಬಹುದಾ?

ಪ್ರಶ್ನೆ (ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಶಿವಮೊಗ್ಗ)

ನಮಸ್ಕಾರ ಮೇಡಂ. ಇಲ್ಲಿವರೆಗೆ ವಿದೇಶಕ್ಕೆ ಹೋದದ್ದೆಲ್ಲ ಟೂರ್ ಕಂಪನಿ ಜೊತೆ. ಬಸ್ ಇಳಿ, ಫೋಟೋ ತೆಗಿ, ಬಸ್ ಹತ್ತು. ಈ ಸಲ ನಾನು, ನಮ್ಮ ಮನೆಯವರು ಇಬ್ಬರೇ ಹೋಗೋಣ ಅಂತ ಆಸೆ. ಯುರೋಪಿನ ಹಳೇ ರಾಜಧಾನಿ ನೋಡಬೇಕು. ಒಂಬತ್ತು ದಿನ ಸಿಗುತ್ತೆ. ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್, ಪ್ಯಾರಿಸ್ ಅಂತ ಪಟ್ಟಿ ಮಾಡಿದ್ದೇನೆ. ನನಗೆ 63, ಇವರಿಗೆ 59. ಇವರಿಗೆ ಮಂಡಿ ನೋವು, ಮೊಟ್ಟೆ ಕೂಡ ತಿನ್ನಲ್ಲ. ಇಂಗ್ಲಿಷ್ ತೊಂದರೆ ಇಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ (ಪ್ರವಾಸ ಯೋಜನೆ ಮಾಡಿಕೊಡುವವರು, ಬೆಂಗಳೂರು)

ಖಂಡಿತ ಹೋಗಬಹುದು ಮೇಷ್ಟ್ರೇ. ಆದರೆ ಈ ಪಟ್ಟಿ ಇದೆಯಲ್ಲ, ಇದು ಟೂರ್ ಕಂಪನಿಯ ಪಟ್ಟಿಯೇ. ವ್ಯತ್ಯಾಸ ಇಷ್ಟೇ, ಈ ಸಲ ಸೂಟ್‌ಕೇಸ್ ಎಳೆಯುವವರು ನೀವು. ನಾಲ್ಕು ಊರು ಅಂದರೆ ಮೂರು ಪೂರ್ತಿ ದಿನ ರೈಲು, ವಿಮಾನ, ಹೋಟೆಲ್ ಬದಲಿಸುವುದರಲ್ಲೇ ಹೋಗುತ್ತೆ.

ಪ್ರಾಗ್ ಒಂದನ್ನೇ ಇಟ್ಟುಕೊಳ್ಳಿ. ಐದು ರಾತ್ರಿ. ಮನಸ್ಸು ತಡೆಯದಿದ್ದರೆ ಕೊನೆಗೆ ಎರಡು ರಾತ್ರಿ ವಿಯೆನ್ನಾ. ರೈಲಿನಲ್ಲಿ ಸುಮಾರು ನಾಲ್ಕು ಗಂಟೆ, ಅಲ್ಲಿಂದಲೇ ವಾಪಸ್ ವಿಮಾನ ಹಿಡಿಯಬಹುದು. ಪ್ಯಾರಿಸ್ ಇನ್ನೊಂದು ಸಲಕ್ಕಿರಲಿ.

ಮೊದಲ ಸಲ ಸ್ವಂತವಾಗಿ ಹೋಗುವವರಿಗೆ ನಾನು ಪ್ರಾಗ್ ಹೇಳುವುದಕ್ಕೆ ಕಾರಣ ಇದೆ. ನೋಡಬೇಕಾದ್ದೆಲ್ಲ ವ್ಲತಾವಾ ನದಿಯ ಎರಡೂ ದಡದಲ್ಲಿ ಹತ್ತಿರ ಹತ್ತಿರ ಇದೆ. ಟ್ರಾಮ್ ಎಲ್ಲಾ ಕಡೆ ಹೋಗುತ್ತೆ. ಎರಡನೇ ಮಹಾಯುದ್ಧದಲ್ಲಿ ಬೇರೆ ರಾಜಧಾನಿಗಳಷ್ಟು ಬಾಂಬಿಗೆ ಸಿಕ್ಕಿಲ್ಲ, ಹಾಗಾಗಿ ಹಳೇ ಊರು ಹಾಗೇ ಉಳಿದಿದೆ. ಯುನೆಸ್ಕೋ ಪಟ್ಟಿಗೆ 1992ರಲ್ಲೇ ಸೇರಿದೆ.

ಪ್ರಶ್ನೆ (ಅದೇ ಮೇಷ್ಟ್ರು)

ಸರಿ, ಪ್ಯಾರಿಸ್ ಬಿಟ್ಟೆ. ಮನೆಯವರಿಗೆ ಇನ್ನೂ ಹೇಳಿಲ್ಲ! ವೀಸಾ ಯಾವ ದೇಶದ್ದು ಹಾಕಬೇಕು? ಯಾವಾಗ?

ಉತ್ತರ

ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ. ಜಾಸ್ತಿ ರಾತ್ರಿ ಎಲ್ಲಿ ಇರುತ್ತೀರೋ ಆ ದೇಶದ ಮೂಲಕ ಅರ್ಜಿ ಹಾಕಬೇಕು. ಪ್ರಾಗ್ ಐದು, ವಿಯೆನ್ನಾ ಎರಡು, ಹಾಗಾದರೆ ಚೆಕ್ ಗಣರಾಜ್ಯ. ರಾತ್ರಿಗಳು ಸಮ ಆದರೆ ಮೊದಲು ಕಾಲಿಡುವ ದೇಶ. "ಆ ದೇಶದ್ದು ಬೇಗ ಸಿಗುತ್ತಂತೆ" ಅಂತ ಯಾರೋ ಹೇಳಿದ್ದು ಕೇಳಿ ಬೇರೆ ಕಡೆ ಹಾಕಬೇಡಿ. ತಿರಸ್ಕಾರ ಆದರೆ ಮುಂದಿನ ಅರ್ಜಿಯಲ್ಲೂ ಅದಕ್ಕೆ ಉತ್ತರ ಕೊಡಬೇಕಾಗುತ್ತೆ.

ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಕೊನೆ ಗಡುವು 15 ದಿನ ಮೊದಲು, ಆದರೆ ಅಲ್ಲಿವರೆಗೆ ಕಾಯುವುದು ಧೈರ್ಯದ ಕೆಲಸ. ಬೇಸಿಗೆ ರಜೆಯ ಹೊತ್ತಿಗೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಎರಡೂವರೆ, ಮೂರು ತಿಂಗಳು ಮೊದಲೇ ಹಾಕಿ. ದೊಡ್ಡವರಿಗೆ ಶುಲ್ಕ 90 ಯೂರೋ, ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಬೆರಳಚ್ಚಿಗೆ ಇಬ್ಬರೂ ಖುದ್ದಾಗಿ ಹೋಗಬೇಕು.

ಪಿಂಚಣಿ ಜಮಾ ಆಗುವ ಖಾತೆಯ ಸ್ಟೇಟ್‌ಮೆಂಟನ್ನೇ ಕೊಡಿ. ತಿಂಗಳು ತಿಂಗಳು ನಿಯಮಿತವಾಗಿ ಹಣ ಬರುವುದು ನಿಮ್ಮ ಪರವಾಗಿಯೇ ಮಾತಾಡುತ್ತೆ. ಅರ್ಜಿಗೆ ಮುಂಚೆ ಮಗನಿಂದ ಒಟ್ಟಿಗೆ ದೊಡ್ಡ ಮೊತ್ತ ಹಾಕಿಸಿಕೊಳ್ಳುವವರಿದ್ದಾರೆ, ಅದರಿಂದ ಅನುಮಾನವೇ ಜಾಸ್ತಿ. ಹೋಟೆಲ್ ಬುಕಿಂಗ್‌ನಲ್ಲಿ ಇಬ್ಬರ ಹೆಸರೂ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇರಲಿ. ರದ್ದು ಮಾಡಿದರೆ ಹಣ ವಾಪಸ್ ಬರುವ ಕೋಣೆಯನ್ನೇ ತೆಗೆದುಕೊಳ್ಳಿ.

ಬೆಂಗಳೂರಿನಿಂದ ಪ್ರಾಗ್‌ಗೆ ನೇರ ವಿಮಾನ ಇಲ್ಲ. ಫ್ರಾಂಕ್‌ಫರ್ಟ್ ಅಥವಾ ಮ್ಯೂನಿಕ್ ಮೇಲೆ ಹೋದರೆ ಇಮಿಗ್ರೇಷನ್ ಅಲ್ಲೇ. ಸಾಲು ಉದ್ದ ಇರುತ್ತೆ, ಬೆರಳಚ್ಚು, ಫೋಟೋ ತೆಗೆಯುತ್ತಾರೆ. ಎರಡು ವಿಮಾನಗಳ ನಡುವೆ ಮೂರು ಗಂಟೆಯಾದರೂ ಇರಲಿ. ದುಬೈ, ದೋಹಾ ಮೇಲೆ ಹೋದರೆ ಇಮಿಗ್ರೇಷನ್ ಪ್ರಾಗ್‌ನಲ್ಲೇ. ಇಳಿದ ಮೇಲೆ ಹಿಡಿಯಬೇಕಾದ ವಿಮಾನ ಇಲ್ಲ, ಹಾಗಾಗಿ ತಲೆಬಿಸಿ ಕಡಿಮೆ. ಮೊದಲ ಸಲ ಹೋಗುವವರಿಗೆ ನಾನು ಇದನ್ನೇ ಹೇಳುವುದು.

ಪ್ರಶ್ನೆ (ಅದೇ ಮೇಷ್ಟ್ರು)

ಹೋಟೆಲ್ ಹಳೇ ಊರಿನ ಚೌಕದ ಹತ್ತಿರವೇ ಇರಲಿ ಅಂತ ಮಗ ಹೇಳ್ತಾನೆ. ಮಂಡಿ ನೋವಿದ್ದರೆ ಗುಡ್ಡದ ಮೇಲಿರುವ ಪ್ರಾಗ್ ಕೋಟೆ ಹತ್ತೋಕೆ ಆಗುತ್ತಾ?

ಉತ್ತರ

ಎರಡೂ ಪ್ರಶ್ನೆಗೆ ಒಂದೇ ಉತ್ತರ: 22ನೇ ನಂಬರ್ ಟ್ರಾಮ್.

ಚೌಕದ ಪಕ್ಕ ಬೇಡ. ಬೆಲೆ ಜಾಸ್ತಿ, ರಾತ್ರಿ ಕುಡಿದವರ ಗಲಾಟೆ, ನೆಲವೆಲ್ಲ ಕಲ್ಲುಹಾಸು. ಸೂಟ್‌ಕೇಸ್ ಚಕ್ರಕ್ಕೂ ಮಂಡಿಗೂ ಆಗಿಬರಲ್ಲ. ನಾಮೆಸ್ತಿ ಮೀರು ಅಂತ ಒಂದು ಚೌಕ ಇದೆ, ವಿನೊಹ್ರಾದಿ ಬಡಾವಣೆಯಲ್ಲಿ. ಅದರ ಸುತ್ತ ಹುಡುಕಿ. ಊರಿನವರೇ ವಾಸ ಮಾಡುವ ಜಾಗ, ಅಂಗಡಿ, ಪಾರ್ಕು, ಬೇಕರಿ ಎಲ್ಲ ಇವೆ. ಹಳೇ ಕಟ್ಟಡಗಳಲ್ಲಿ ಲಿಫ್ಟ್ ಇರಲೇಬೇಕು ಅಂತಿಲ್ಲ, ಬುಕ್ ಮಾಡುವ ಮುಂಚೆ ಬರೆದು ಕೇಳಿ.

ವಿಮಾನ ನಿಲ್ದಾಣದಿಂದ 59ನೇ ನಂಬರ್ ಟ್ರಾಲಿಬಸ್ ನಾದ್ರಾಜಿ ವೆಲೆಸ್ಲಾವೀನ್ ಸ್ಟೇಷನ್‌ಗೆ ಬಿಡುತ್ತೆ. ಅಲ್ಲಿಂದ ಮೆಟ್ರೋ ಹಸಿರು ಎ ಲೈನ್ ಹತ್ತಿದರೆ ಬದಲಿಸದೆ ನಾಮೆಸ್ತಿ ಮೀರು. ಮೇಲೆ ಬರುವ ಎಸ್ಕಲೇಟರ್ 87 ಮೀಟರ್ ಉದ್ದ, ವೇಗವೂ ಸ್ವಲ್ಪ ಜಾಸ್ತಿ. ಮನೆಯವರ ಕೈ ಹಿಡಿದುಕೊಂಡೇ ಹತ್ತಿಸಿ.

ಕೋಟೆಗೆ ಅದೇ ಚೌಕದಿಂದ 22 ಹತ್ತಿ. "ಪ್ರಜ್‌ಸ್ಕಿ ಹ್ರಾದ್" ಅನ್ನುವ ಸ್ಟಾಪ್‌ನಲ್ಲಿ ಎಲ್ಲರೂ ಇಳಿಯುತ್ತಾರೆ. ನೀವು ಕೂತೇ ಇರಿ. ಅದಾದ ಮೇಲೆ ಪೊಹೊರ್ಜೆಲೆಟ್ಸ್ ಅಂತ ಬರುತ್ತೆ, ಅಲ್ಲಿ ಇಳಿಯಿರಿ. ಅದು ಕೋಟೆಗಿಂತ ಮೇಲಿದೆ. ಪಕ್ಕದಲ್ಲೇ ಸ್ಟ್ರಾಹೋವ್ ಮಠ, ಅದರ ಹಳೇ ಗ್ರಂಥಾಲಯ. ಮೇಷ್ಟ್ರಾದ ನೀವು ಅಲ್ಲಿಂದ ಬೇಗ ಹೊರಡಲ್ಲ ಬಿಡಿ. ಆಮೇಲೆ ನಿಧಾನವಾಗಿ ಇಳಿಜಾರಿನಲ್ಲೇ ಕೋಟೆಯ ಮುಂದಿನ ಚೌಕಕ್ಕೆ ಬರಬಹುದು. ನದಿ ಕಡೆಯಿಂದ ಮೆಟ್ಟಿಲು ಹತ್ತುವ ಪ್ರಶ್ನೆಯೇ ಇಲ್ಲ.

ಕೋಟೆಯ ಅಂಗಳಕ್ಕೆ ಟಿಕೆಟ್ ಇಲ್ಲ, ಒಳಗಿನ ಕಟ್ಟಡಗಳಿಗೆ ಮಾತ್ರ. ಬಾಗಿಲಲ್ಲಿ ಭದ್ರತಾ ತಪಾಸಣೆ ಇರುತ್ತೆ. ಸೇಂಟ್ ವೀಟಸ್ ಚರ್ಚ್ ಕಟ್ಟಲು ಶುರು ಮಾಡಿದ್ದು 1344ರಲ್ಲಿ, ಮುಗಿದದ್ದು 1929ರಲ್ಲಿ. ಭಾನುವಾರ ಬೆಳಿಗ್ಗೆ ಅಲ್ಲಿ ಪೂಜೆ ನಡೆಯುತ್ತೆ, ಪ್ರವಾಸಿಗರಿಗೆ ಪ್ರವೇಶ ಮಧ್ಯಾಹ್ನದ ಮೇಲೆ. ಹಾಗಾಗಿ ಕೋಟೆಗೆ ಭಾನುವಾರ ಬೇಡ. ಯಹೂದಿ ಮ್ಯೂಸಿಯಂ ಶನಿವಾರ ಮುಚ್ಚಿರುತ್ತೆ. ಇವೆರಡು ವಾರ ನೆನಪಿಟ್ಟುಕೊಂಡು ದಿನ ಹಂಚಿಕೊಳ್ಳಿ, ಉಳಿದದ್ದು ಹಿಂದೆ ಮುಂದೆ ಆದರೂ ನಡೆಯುತ್ತೆ.

ಇನ್ನೊಬ್ಬ ಸದಸ್ಯರು (ಬೆಳಗಾವಿ)

ಐದು ದಿನ ಒಂದೇ ಊರಿನಲ್ಲಿ ಬೋರ್ ಆಗಲ್ವಾ ಅಕ್ಕ? ನಾವು ಆಫೀಸ್ ಕೆಲಸಕ್ಕೆ ಹೋದಾಗ ಒಂದೂವರೆ ದಿನಕ್ಕೆ ಮುಗಿಸಿದ್ವಿ. ಆ ಚಾರ್ಲ್ಸ್ ಸೇತುವೆ ಮೇಲೆ ಬರೀ ಜನ, ಸಂತೆ ಥರ. ಹಳೇ ಊರಿನ ಚೌಕದಲ್ಲಿರುವ ಆ ಹಳೇ ಗೊಂಬೆ ಗಡಿಯಾರವೂ ಅಷ್ಟೇನಿಲ್ಲ.

ಉತ್ತರ

ಗಡಿಯಾರದ ವಿಷಯದಲ್ಲಿ ನಿಮ್ಮ ಜೊತೆ ಅರ್ಧ ಒಪ್ಪುತ್ತೇನೆ. ಬೆಳಿಗ್ಗೆ 9ರಿಂದ ರಾತ್ರಿ 11ರವರೆಗೆ ಗಂಟೆಗೊಮ್ಮೆ ಗೊಂಬೆಗಳು ಬಂದು ಹೋಗುತ್ತವೆ, ಒಂದು ನಿಮಿಷದೊಳಗೆ ಮುಗಿಯುತ್ತೆ. ನಿಜವಾಗಿ ನೋಡಬೇಕಾದ್ದು ಗೊಂಬೆಯಲ್ಲ, ಅದರ ಕೆಳಗಿನ ಡಯಲ್. 1410ರ ಯಂತ್ರ ಅದು. ಸೂರ್ಯ, ಚಂದ್ರ ಯಾವ ರಾಶಿಯಲ್ಲಿದ್ದಾರೆ ಅಂತ ತೋರಿಸುತ್ತೆ. ಪಂಚಾಂಗ ನೋಡುವ ಅಭ್ಯಾಸ ಇರುವ ನಮ್ಮವರಿಗೆ ಅದು ಬೇಗ ಅರ್ಥ ಆಗುತ್ತೆ. ಗಂಟೆ ಹೊಡೆದು ಜನ ಚದುರಿದ ಮೇಲೆ ಹೋಗಿ ನಿಂತು ನೋಡಿ.

ಸೇತುವೆ ಮಾತ್ರ ಒಪ್ಪಲ್ಲ. ನೀವು ಹೋದದ್ದು ಎಷ್ಟು ಗಂಟೆಗೆ? ಹನ್ನೊಂದಕ್ಕೆ ಹೋದರೆ ಸಂತೆಯೇ. ಅದೇ ಸೇತುವೆಗೆ ಸೂರ್ಯ ಹುಟ್ಟುವ ಹೊತ್ತಿಗೆ ಹೋಗಿ. ಸೆಪ್ಟೆಂಬರ್ ಮಧ್ಯದಲ್ಲಿ ಅಂದರೆ ಆರೂಮುಕ್ಕಾಲರ ಆಸುಪಾಸು, ನಮಗೆ ಕಷ್ಟದ ಸಮಯವೇನಲ್ಲ. ನಾಲ್ಕನೇ ಚಾರ್ಲ್ಸ್ 1357ರಲ್ಲಿ ಅಡಿಗಲ್ಲು ಹಾಕಿದ ಸೇತುವೆ, ಎರಡೂ ಬದಿಗೆ ಸೇರಿ 30 ವಿಗ್ರಹಗಳು. ಆ ಹೊತ್ತಲ್ಲಿ ಒಂದೊಂದರ ಮುಂದೆಯೂ ನಿಲ್ಲಬಹುದು. ಮದುವೆ ಫೋಟೋ ತೆಗೆಸುವವರು ಮಾತ್ರ ಇರುತ್ತಾರೆ, ಅವರು ಎಲ್ಲಿ ಬಿಡುತ್ತಾರೆ.

ಟೂರ್ ಗುಂಪು ಈ ಊರನ್ನು ಹತ್ತರಿಂದ ಐದರವರೆಗೆ ನೋಡುತ್ತೆ. ಸ್ವಂತವಾಗಿ ಹೋಗುವವರಿಗೆ ಇರುವ ದೊಡ್ಡ ಲಾಭ ಉಳಿದ ಗಂಟೆಗಳು. ಮೇಷ್ಟ್ರೇ, ಇದು ನಿಮಗೂ. ಬೆಳಿಗ್ಗೆ ಎರಡು ಮೂರು ಗಂಟೆ ಸುತ್ತಿ, ಮಧ್ಯಾಹ್ನ ಕೋಣೆಗೆ ಬಂದು ಕಾಲು ಚಾಚಿ, ಸಂಜೆ ಮತ್ತೆ ಹೊರಡಿ. ಹೀಗೆ ಮಾಡಿದರೆ ಐದು ದಿನ ಜಾಸ್ತಿ ಅನಿಸಲ್ಲ. ಒಂದು ದಿನ ಕುಟ್ನಾ ಹೋರಾಕ್ಕೆ ಕೊಡಬಹುದು, ರೈಲಿನಲ್ಲಿ ಸುಮಾರು ಒಂದು ಗಂಟೆ. ಹಿಂದೆ ಬೆಳ್ಳಿ ಗಣಿಯಿಂದ ಶ್ರೀಮಂತವಾಗಿದ್ದ ಊರು. ಮನುಷ್ಯರ ಮೂಳೆಯಿಂದ ಅಲಂಕಾರ ಮಾಡಿದ ಪ್ರಾರ್ಥನಾ ಮಂದಿರ ಅಲ್ಲಿದೆ. ಕೆಲವರಿಗೆ ಇಷ್ಟ ಆಗಲ್ಲ, ಮನೆಯವರನ್ನು ಕೇಳಿಕೊಂಡು ಹೋಗಿ.

ಪ್ರಶ್ನೆ (ಮೈಸೂರಿನಿಂದ, ಒಬ್ಬರೇ ಹೊರಟಿರುವವರು)

ಅಕ್ಕ, ಹಣದ ಬಗ್ಗೆ ಹೇಳಿ. ಯೂರೋ ತಗೊಂಡು ಹೋದರೆ ಸಾಕಾ? ನನ್ನ ವಿಮಾನ ರಾತ್ರಿ ಹನ್ನೊಂದೂವರೆಗೆ ಇಳಿಯುತ್ತೆ, ಭಯ ಇದೆಯಾ?

ಉತ್ತರ

ಚೆಕ್ ಗಣರಾಜ್ಯ ಯುರೋಪ್ ಒಕ್ಕೂಟದಲ್ಲಿದೆ, ಆದರೆ ಹಣ ಯೂರೋ ಅಲ್ಲ, ಕೊರುನಾ. ಕೆಲವು ಅಂಗಡಿಯವರು ಯೂರೋ ತೆಗೆದುಕೊಳ್ಳುತ್ತಾರೆ, ತಮಗೆ ಬೇಕಾದ ದರದಲ್ಲಿ. ಫಾರೆಕ್ಸ್ ಕಾರ್ಡ್ ಕೊಳ್ಳುವಾಗ ಅದರಲ್ಲಿ ಕೊರುನಾ ತುಂಬಿಸಬಹುದಾ ಅಂತ ಕೇಳಿ. ಇಲ್ಲದಿದ್ದರೆ ಪ್ರತಿ ಸಲ ಉಜ್ಜಿದಾಗಲೂ ಹಣ ಬದಲಾವಣೆಯ ಶುಲ್ಕ ಬೀಳುತ್ತೆ. ಬ್ಯಾಂಕ್ ಕಾರ್ಡ್ ಆದರೆ ಹೊರಡುವ ಮುಂಚೆ ಆ್ಯಪ್‌ನಲ್ಲಿ ವಿದೇಶಿ ಬಳಕೆ ಆನ್ ಮಾಡಿ.

ಎಟಿಎಂ ಅಥವಾ ಅಂಗಡಿಯ ಯಂತ್ರ "ರೂಪಾಯಿಯಲ್ಲೇ ಕಡಿತ ಮಾಡಲಾ?" ಅಂತ ಕೇಳಿದರೆ ಬೇಡ ಅನ್ನಿ. ಕೊರುನಾದಲ್ಲೇ ಆಗಲಿ. ರೂಪಾಯಿ ನೋಡಿ ಸಮಾಧಾನ ಆಗುತ್ತೆ, ಆದರೆ ಆ ದರ ನಮಗೆ ನಷ್ಟ. ಬೀದಿಯಲ್ಲಿ "ಒಳ್ಳೆ ದರ ಕೊಡ್ತೀನಿ" ಅಂತ ಬರುವವರ ಹತ್ತಿರ ನಿಲ್ಲಲೇಬೇಡಿ. ಬೇರೆ ಯಾವುದೋ ದೇಶದ, ಬೆಲೆಯಿಲ್ಲದ ನೋಟು ಕೈಗಿಡುತ್ತಾರೆ. ಹಣ ಬದಲಿಸುವ ಅಂಗಡಿಯಲ್ಲಿ ಮೋಸ ಹೋದೆ ಅನಿಸಿದರೆ ಒಂದು ದಾರಿ ಇದೆ. 2019ರಿಂದ ಇರುವ ಕಾನೂನಿನ ಪ್ರಕಾರ 1,000 ಯೂರೋ ಒಳಗಿನ ವಹಿವಾಟನ್ನು ಮೂರು ಗಂಟೆಯೊಳಗೆ ರದ್ದು ಮಾಡಿಸಬಹುದು. ರಸೀದಿ ಬೇಕು, ಬಿಸಾಡಬೇಡಿ.

ರಾತ್ರಿ ಇಳಿದರೆ ಆ್ಯಪ್‌ನಲ್ಲಿ ಟ್ಯಾಕ್ಸಿ ಮಾಡಿ. ದರ ಮೊದಲೇ ಕಾಣುತ್ತೆ. ಮೆಟ್ರೋ ಮಧ್ಯರಾತ್ರಿ ಹೊತ್ತಿಗೆ ನಿಲ್ಲುತ್ತೆ, ಟ್ರಾಮ್ ಮಾತ್ರ ರಾತ್ರಿಯಿಡೀ ಇರುತ್ತೆ, ತೊಂಬತ್ತರ ನಂಬರುಗಳು. ಹೆಂಗಸರು ಒಬ್ಬರೇ ಓಡಾಡುವುದು ಅಲ್ಲಿ ಸಾಮಾನ್ಯ. ಭಯ ಪಡಬೇಕಾದ್ದು ಜೇಬುಗಳ್ಳರಿಗೆ, ಅದೂ ಹಗಲಲ್ಲಿ: 22ನೇ ಟ್ರಾಮ್, ಸೇತುವೆ, ಗಡಿಯಾರದ ಮುಂದೆ. ಪಾಸ್‌ಪೋರ್ಟ್ ಹಿಂದಿನ ಬ್ಯಾಗಿನಲ್ಲಿ ಇಡಬೇಡಿ. ಇನ್ನೊಂದು, ರಸ್ತೆ ದಾಟುವಾಗ ಜೀಬ್ರಾ ಪಟ್ಟಿಯ ಮೇಲೂ ಟ್ರಾಮ್‌ಗೇ ಮೊದಲ ಹಕ್ಕು. ಕಾರು ನಿಂತಿತು ಅಂತ ಟ್ರಾಮ್ ನಿಲ್ಲಲ್ಲ.

ಕಾಗದದ ಟಿಕೆಟ್ ಕೊಂಡರೆ ಮೊದಲ ಸಲ ಹತ್ತುವಾಗ ಹಳದಿ ಯಂತ್ರದಲ್ಲಿ ಮುದ್ರೆ ಹೊಡೆಯಬೇಕು. ಮುದ್ರೆ ಇಲ್ಲದಿದ್ದರೆ ಟಿಕೆಟ್ ಇಲ್ಲದ ಹಾಗೇ ಲೆಕ್ಕ, ದಂಡ ಕಟ್ಟಿಸುತ್ತಾರೆ. ಪ್ರವಾಸಿ, ಗೊತ್ತಿರಲಿಲ್ಲ ಅಂದರೆ ಕೇಳಲ್ಲ. ಟ್ರಾಮ್ ಒಳಗಿನ ಯಂತ್ರದಲ್ಲಿ ಕಾರ್ಡ್ ಮುಟ್ಟಿಸಿ ಕೊಂಡ ಟಿಕೆಟ್‌ಗೆ ಮುದ್ರೆ ಬೇಡ.

ಪ್ರಶ್ನೆ (ಮೇಷ್ಟ್ರ ಮನೆಯವರು, ಅವರ ಫೋನಿನಿಂದ)

ಪ್ಯಾರಿಸ್ ಬಿಟ್ಟಿದ್ದು ಇಲ್ಲಿ ಓದಿ ಗೊತ್ತಾಯ್ತು! ಇರಲಿ. ನನ್ನ ಊಟದ ಕಥೆ ಯಾರೂ ಮಾತಾಡ್ತಾ ಇಲ್ಲ. ಅವಲಕ್ಕಿ, ಚಟ್ನಿಪುಡಿ ತಗೊಂಡು ಹೋಗಬಹುದಾ?

ಉತ್ತರ

ಬೇಜಾರು ಮಾಡ್ಕೋಬೇಡಿ ಅಮ್ಮ, ಮೇಷ್ಟ್ರಿಗೆ ಹೇಳಿಸಿದ್ದು ನಾನೇ. ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಪುಡಿ ಧಾರಾಳವಾಗಿ ಒಯ್ಯಿರಿ. ತುಪ್ಪ, ಪೇಡ ಬೇಡ. ಹೊರದೇಶದ ಹಾಲಿನ ಪದಾರ್ಥವನ್ನು ಯುರೋಪ್ ಒಕ್ಕೂಟದೊಳಗೆ ಬಿಡಲ್ಲ. ಹಸಿ ಕರಿಬೇವು, ಮಾವಿನಹಣ್ಣೂ ಬೇಡ, ಅದಕ್ಕೆ ಸಸ್ಯ ತಪಾಸಣೆಯ ಪ್ರಮಾಣಪತ್ರ ಕೇಳುತ್ತಾರೆ.

ಅಲ್ಲಿ "ವೆಜಿಟೇರಿಯನ್" ಅಂತ ಮುಂದೆ ತಂದಿಡುವುದು ಬ್ರೆಡ್ ಪುಡಿ ಮೆತ್ತಿ ಕರಿದ ಚೀಸ್, ಇಲ್ಲಾ ಆಲೂಗಡ್ಡೆ ದೋಸೆ ಥರದ ಬ್ರಾಂಬೊರಾಕ್. ಎರಡರಲ್ಲೂ ಮೊಟ್ಟೆ ಇರುತ್ತೆ. ತರಕಾರಿ ಸೂಪ್‌ಗೂ ಮಾಂಸದ ರಸ ಹಾಕಿರಬಹುದು. ನಿಮಗೆ ಸರಿ ಹೋಗುವುದು ವೀಗನ್ ಹೋಟೆಲ್, ಅಲ್ಲಿ ಮೊಟ್ಟೆಯ ಪ್ರಶ್ನೆಯೇ ಇಲ್ಲ. ಪ್ರಾಗ್‌ನಲ್ಲಿ ಇಂಥವು ಬೇಕಾದಷ್ಟಿವೆ. ತಟ್ಟೆಗೆ ಬೇಕಾದ್ದು ಹಾಕಿಕೊಂಡು ತೂಕಕ್ಕೆ ದುಡ್ಡು ಕೊಡುವ ಸಸ್ಯಾಹಾರಿ ಕ್ಯಾಂಟೀನೂ ಸಿಗುತ್ತೆ.

ನನ್ನ ಸಲಹೆ, ಹೋಟೆಲ್ ಕೋಣೆಯ ಬದಲು ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿಯಿರಿ. ಅನ್ನ, ಮೊಸರು ಆದರೆ ರಾತ್ರಿ ಊಟ ಆಯಿತಲ್ಲ. ಸೂಪರ್ ಮಾರ್ಕೆಟ್‌ನಲ್ಲಿ ಸಿಹಿ ಇಲ್ಲದ ಬಿಳಿ ಮೊಸರು, ಹಣ್ಣು, ಬ್ರೆಡ್ ಎಲ್ಲ ಸಿಗುತ್ತೆ. ನಲ್ಲಿ ನೀರು ಕುಡಿಯಬಹುದು, ಬಾಟಲಿ ಕೊಳ್ಳಬೇಡಿ. ಸಾರ್ವಜನಿಕ ಶೌಚಾಲಯಕ್ಕೆ ಹಲವು ಕಡೆ 10, 20 ಕೊರುನಾ ನಾಣ್ಯ ಕೇಳುತ್ತಾರೆ, ಪರ್ಸಿನಲ್ಲಿ ಚಿಲ್ಲರೆ ಇರಲಿ.

ಪ್ರಶ್ನೆ (ಮೇಷ್ಟ್ರು)

ಕೊನೇದು. ಮೇ ತಿಂಗಳಾ, ಸೆಪ್ಟೆಂಬರಾ?

ಉತ್ತರ

ಸಂಗೀತದ ಆಸೆ ಇದ್ದರೆ ಮೇ. ಪ್ರಾಗ್ ಸ್ಪ್ರಿಂಗ್ ಸಂಗೀತೋತ್ಸವ ಪ್ರತಿ ವರ್ಷ ಮೇ 12ಕ್ಕೆ ಶುರುವಾಗುತ್ತೆ. ಆಗ ಕೋಣೆ ಬೆಲೆಯೂ ಏರಿರುತ್ತೆ. ಇಲ್ಲದಿದ್ದರೆ ಸೆಪ್ಟೆಂಬರ್ ಎರಡನೇ ವಾರದ ಮೇಲೆ. ಭಾನುವಾರದಿಂದ ಶುಕ್ರವಾರದವರೆಗೆ ಇರುವ ಹಾಗೆ ನೋಡಿ, ವಾರಾಂತ್ಯದ ಜನ, ವಾರಾಂತ್ಯದ ದರ ಎರಡೂ ತಪ್ಪುತ್ತೆ. ಎರಡೂ ತಿಂಗಳಲ್ಲಿ ಸಂಜೆ ಚಳಿ ಇರುತ್ತೆ, ಸ್ವೆಟರ್ ಬೇಕು. ತಾರೀಕು ಗೊತ್ತಾದ ಮೇಲೆ ಇಲ್ಲೇ ಹಾಕಿ, ವೀಸಾ ಅಪಾಯಿಂಟ್‌ಮೆಂಟ್ ಯಾವ ವಾರಕ್ಕೆ ಹುಡುಕಬೇಕು ಅಂತ ಹೇಳುತ್ತೇನೆ.