ಖಾಲಿ ಸೈಟಿನ ಕಸ, ಫುಟ್‌ಪಾತಿನ ನಾಯಿ ಕಕ್ಕ: ಬೀದಿಯವರು ಸೇರಿ ಏನು ಮಾಡಬಹುದು?

ಅಡ್ಡರಸ್ತೆ: ಬೆಂಗಳೂರು ವಿಜಯನಗರದ ನಮ್ಮ ಅಡ್ಡರಸ್ತೆಯ ತುದಿಯಲ್ಲಿ, ಟ್ರಾನ್ಸ್‌ಫಾರ್ಮರ್ ಪಕ್ಕ ಒಂದು ಖಾಲಿ ಸೈಟಿದೆ. ಕಸ ಒಯ್ಯೋ ಟಿಪ್ಪರ್ ದಿನಾ ಬಂದರೂ ಅಲ್ಲಿ ಕಸದ ಕವರು ತಪ್ಪಲ್ಲ. ‘ಇಲ್ಲಿ ಕಸ ಹಾಕಬೇಡಿ’ ಅನ್ನೋ ಬೋರ್ಡಿನ ಬುಡದಲ್ಲೇ ರಾಶಿ. ಸಾಕುನಾಯಿಗಳನ್ನು ವಾಕಿಂಗಿಗೆ ತರುವವರು ಫುಟ್‌ಪಾತ್ ಗಲೀಜು ಮಾಡಿಸಿ ಹೋಗ್ತಾರೆ. ಎಂಟತ್ತು ಮನೆಯವರು ಕೈ ಹಾಕಲು ತಯಾರಿದ್ದೇವೆ. ಮೊದಲು ಒಂದು ದೊಡ್ಡ ಡ್ರಮ್ ಇಡೋಣವೇ?

ಕೆಮ್ಮಣ್ಣು: ದಯವಿಟ್ಟು ಡ್ರಮ್ ಇಡಬೇಡಿ. ಅದು ತುಂಬಿದ ಮೇಲೆ ಸುತ್ತ ಸುರಿಯೋದು ಶುರುವಾಗುತ್ತೆ, ಪಕ್ಕದ ಬೀದಿಯ ಕಸವೂ ಅಲ್ಲಿಗೇ ಬರುತ್ತೆ. ಮೊದಲು ಮೂರು ದಿನ ಯಾರು, ಎಷ್ಟು ಹೊತ್ತಿಗೆ ಎಸೀತಾರೆ ಅಂತ ಬರೆದಿಡಿ. ಹೆಚ್ಚಿನ ಕಡೆ ಟಿಪ್ಪರ್ ಬರೋ ಮುಂಚೆ ಕೆಲಸಕ್ಕೆ ಹೊರಡುವವರು, ಪಿಜಿಗಳು, ರಾತ್ರಿ ಬಾಗಿಲು ಹಾಕೋ ಅಂಗಡಿಗಳು. ಇವರಿಗೆ ದಾರಿ ಮಾಡಿಕೊಡದೆ ಸೈಟು ಗುಡಿಸಿದರೆ ವಾರದಲ್ಲಿ ಮತ್ತೆ ಅದೇ ಗತಿ. ಪಿಜಿ ಗೇಟಿನ ಒಳಗೇ ಮುಚ್ಚಳವಿರೋ ಬಿನ್ ಇಡಿಸಿ, ಟಿಪ್ಪರ್ ಬಂದಾಗ ಹೊರಗೆ ತರೋ ಜವಾಬ್ದಾರಿ ಒಬ್ಬರಿಗೆ ವಹಿಸಿ.

ಆಮೇಲೆ ಶ್ರಮದಾನ. ಹಿಂದಿನ ದಿನವೇ ಪೌರಕಾರ್ಮಿಕರ ಮೇಸ್ತ್ರಿಗೆ ಹೇಳಿ ಗಾಡಿ ಗೊತ್ತು ಮಾಡಿ. ಗಾಡಿ ಬರದಿದ್ದರೆ ನೀವು ತುಂಬಿಟ್ಟ ಮೂಟೆಗಳೇ ಸಂಜೆಗೆ ಹೊಸ ರಾಶಿ. ಕಟ್ಟಡದ ಡೆಬ್ರಿ ಟಿಪ್ಪರಿಗೆ ಹೋಗಲ್ಲ, ಅದನ್ನು ಬೇರೆ ಮಾಡಿ. ಗೋಡೆ ಕೆರೆದು ಸುಣ್ಣ ಹೊಡೆದು, ಒಣಗಿದ ಮೇಲೆ ಕೆಳಗಿನ 3 ಅಡಿಗೆ ಕೆಮ್ಮಣ್ಣಿನ ಬಣ್ಣ ಬಳಿಯಿರಿ. ಧೂಳು, ಎಲೆಅಡಿಕೆ ಕಲೆ ಎದ್ದು ಕಾಣಲ್ಲ. ‘ದಿ ಅಗ್ಲಿ ಇಂಡಿಯನ್’ ಗುಂಪು 2010ರಿಂದ ಈ ನಗರದಲ್ಲಿ ಮಾಡುತ್ತಾ ಬಂದಿರೋದೂ ಇದನ್ನೇ. ಕಸ ಬೀಳ್ತಿದ್ದ ಜಾಗದಲ್ಲಿ ಗಿಡದ ಕುಂಡ ಇಡಿ, ಅವು ಸಿಮೆಂಟಿನವಾಗಿರಲಿ, ತಳಕ್ಕೆ ಜಲ್ಲಿ ತುಂಬಿ. ಪ್ಲಾಸ್ಟಿಕ್ ಕುಂಡ ಎರಡೇ ದಿನಕ್ಕೆ ಮಾಯ.

ನಿಜವಾದ ಕೆಲಸ ಮುಂದಿನ ಎರಡು ವಾರದ್ದು. ದಿನಾ ಬೆಳಿಗ್ಗೆ ನೀರು ಹಾಕಿ ರಂಗೋಲಿ ಬಿಡಿ, ರಾತ್ರಿ 9ರಿಂದ 11 ಒಬ್ಬರು ಅಲ್ಲೇ ನಿಂತಿರಿ. ಒಂದು ಕವರು ಬಿದ್ದರೂ ತಕ್ಷಣ ಎತ್ತಿ. ಮೊದಲನೆಯದು ಉಳಿದರೆ ಹತ್ತನೆಯದು ಬಂದೇ ಬರುತ್ತೆ.

ಬಾಲದಂಡೆ: ನಾಯಿ ಕಕ್ಕದ ವಿಷಯ. ಅರ್ಧ ಹಾಳೆ ಪೇಪರ್ ಸಾಕು. ನಾಯಿ ಸುತ್ತು ಹಾಕಿ ಬೆನ್ನು ಬಗ್ಗಿಸಿದ ಕೂಡಲೇ ಹಿಂದಿನಿಂದ ಹಾಳೆ ಸರಿಸಿ, ನೆಲಕ್ಕೆ ತಾಗೋದೇ ಇಲ್ಲ. ತೆಳ್ಳಗಿದ್ದರೆ ಮೇಲೆ ಒಣಮಣ್ಣು ಉದುರಿಸಿ ಬಾಚಿ. ಕಕ್ಕವನ್ನು ಮನೆಯ ಟಾಯ್ಲೆಟ್ಟಿಗೆ ಹಾಕಿ ಫ್ಲಶ್ ಮಾಡಿ, ಪೇಪರನ್ನು ಡೈಪರ್, ಪ್ಯಾಡ್ ಹಾಕೋ ಕೆಂಪು ಬಿನ್ನಿಗೆ ಹಾಕಿ. ಹಸಿಕಸದ ಹಸಿರು ಬಿನ್ನಿಗೂ ಮನೆಯ ಗೊಬ್ಬರದ ಮಡಕೆಗೂ ಬೇಡ. ಮಡಕೆಯ ಶಾಖಕ್ಕೆ ಜಂತುಹುಳದ ಮೊಟ್ಟೆ ಸಾಯಲ್ಲ.

ನಾಯಿಯ ಜಂತುಹುಳಗಳಲ್ಲಿ ಒಂದಾದ ದುಂಡುಹುಳದ ಮೊಟ್ಟೆ ಹೊಸ ಕಕ್ಕದಲ್ಲಿ ಸೋಂಕು ತರಲ್ಲ. ಮಣ್ಣಿನಲ್ಲಿ ಎರಡರಿಂದ ನಾಲ್ಕು ವಾರ ಬಲಿತ ಮೇಲೆ ತರುತ್ತೆ, ವರ್ಷಗಟ್ಟಲೆ ಉಳಿಯುತ್ತೆ. ಹಾಗಾಗಿ ಅವತ್ತೇ ಎತ್ತೋದು ಮುಖ್ಯ. ಬ್ಲೀಚಿಂಗ್ ಪುಡಿಗೆ ಆ ಮೊಟ್ಟೆ ಜಗ್ಗಲ್ಲ, ಕುದಿಯೋ ನೀರಿಗೆ ಸಾಯುತ್ತೆ. ಆ ಪುಡಿಯನ್ನು ಆಸಿಡ್ ಜೊತೆ ಬೆರೆಸಲೇಬೇಡಿ, ವಿಷದ ಗಾಳಿ ಬರುತ್ತೆ. ಬೀದಿಯ ಎರಡೂ ತುದಿಯ ಗೇಟಿಗೆ, ಮಳೆ ತಾಗದ ಹಾಗೆ, ಕತ್ತರಿಸಿದ ಹಳೇ ಪೇಪರಿನ ಡಬ್ಬಿ ತೂಗುಹಾಕಿ. ಮರೆತು ಬಂದವರ ನೆಪವೂ ಹೋಗುತ್ತೆ.

ಅಡ್ಡರಸ್ತೆ: ಬೀದಿ ನಾಯಿಗಳಿಗೆ ಅನ್ನ ಹಾಕೋರಿದ್ದಾರೆ. ನಿಲ್ಲಿಸಿ ಅನ್ನಬೇಕಾ?

ಬಾಲದಂಡೆ: ಬೇಡ, ಪಾಲಿಕೆಗೆ ಹೇಳಿ ಜಾಗ ಗೊತ್ತು ಮಾಡಿಸಿ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಅದನ್ನು ನಿವಾಸಿಗಳ ಸಂಘ ಇಲ್ಲವೇ ಸ್ಥಳೀಯ ಸಂಸ್ಥೆಯ ಪ್ರತಿನಿಧಿಯ ಹೊಣೆ ಅಂದಿದ್ದವು; 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಜಾಗ ಗುರುತಿಸೋ ಕೆಲಸವನ್ನು ಪಾಲಿಕೆಗೆ ವಹಿಸಿ, ಬೀದಿಯಲ್ಲಿ ಬೇರೆಡೆ ಹಾಕಬಾರದು ಅಂದಿತು. ಜಾಗ ಮಕ್ಕಳು ಆಡೋ ಕಡೆಯಿಂದ, ಮೆಟ್ಟಿಲು, ಗೇಟುಗಳಿಂದ ದೂರ ಇರಲಿ. ಕವರಲ್ಲಿ ಬೇಡ, ತಟ್ಟೆಯಲ್ಲಿ ಹಾಕಲಿ. ಅರ್ಧ ಗಂಟೆ ಬಿಟ್ಟು ಉಳಿದದ್ದನ್ನು ಹಾಕಿದವರೇ ಎತ್ತಿ ತೊಳೆಯಲಿ.