ಐಐಟಿಯಲ್ಲಿ ಹುಡುಗಿಯರಿಗೆ ಹೆಚ್ಚುವರಿ ಸೀಟು: ಅದೊಂದೇ ಸಾಕೇ?

ತುಂಗಾತೀರ:
ನನ್ನ ತಂಗಿಯ ಮಗಳು ಈ ವರ್ಷ ಎಸ್‌ಎಸ್‌ಎಲ್‌ಸಿ ಮುಗಿಸಿದಳು. ಗಣಿತದಲ್ಲಿ ನೂರಕ್ಕೆ ನೂರು. ಐಐಟಿಗಳಲ್ಲಿ ಹುಡುಗಿಯರಿಗೆಂದೇ ಹೆಚ್ಚುವರಿ ಸೀಟುಗಳಿವೆ, ಪ್ರಯತ್ನ ಮಾಡು ಎಂದೆ. ‘ಸಿಕ್ಕಿದರೂ ಅದನ್ನು ದಾನದ ಸೀಟು ಎನ್ನುತ್ತಾರೆ’ ಎಂದು ಅವಳ ಅಣ್ಣ ಮಾತು ಕತ್ತರಿಸಿದ. ಹುಡುಗಿ ತಲೆ ತಗ್ಗಿಸಿ ಒಳಗೆ ಹೋದಳು. ಅವಳಿಗೆ ಏನೆಂದು ಹೇಳಲಿ?

ಮಧು, ಹಾಸನ:
ಆ ಹುಡುಗ ಹೇಳಿದ್ದರಲ್ಲಿ ತಪ್ಪೇನಿದೆ? ಹೆಣ್ಣುಮಕ್ಕಳು ಓದಲಿ, ಖಂಡಿತ ಓದಲಿ. ಆದರೆ ಪ್ರವೇಶಕ್ಕೆ ರ‍್ಯಾಂಕ್ ಒಂದೇ ಅಳತೆಯಾಗಬೇಕು. ನನ್ನ ಮಗ ಎರಡು ವರ್ಷ ನಿದ್ದೆಗೆಟ್ಟು ಓದಿದ. ಅವನು ಬಯಸಿದ ವಿಭಾಗ ಅವನಿಗಿಂತ ಹಿಂದಿದ್ದವರಿಗೆ ಸಿಕ್ಕಿತು.

ಗಣಿತದ ಮೇಡಂ:
ಮಧು ಅವರೇ, ನಿಮ್ಮ ಮಗನ ನೋವು ನನಗೆ ಅರ್ಥವಾಗುತ್ತದೆ. ಆದರೆ ಆ ಸೀಟುಗಳನ್ನು ಹುಡುಗರ ಪಾಲಿನಿಂದ ಕಿತ್ತುಕೊಂಡಿಲ್ಲ. ಆಗಲೇ ಇದ್ದ ಸೀಟುಗಳ ಮೇಲೆ 2018ರಿಂದ ಹೊಸದಾಗಿ ಸೇರಿಸಿದರು. ಅವುಗಳಿಗೂ ಐಐಟಿ ಪ್ರವೇಶ ಪರೀಕ್ಷೆಯಾದ ಜೆಇಇ ಅಡ್ವಾನ್ಸ್‌ಡ್‌ನಲ್ಲಿ ಅರ್ಹತೆ ಪಡೆಯಲೇಬೇಕು. 2017ರಲ್ಲಿ ಐಐಟಿ ಸೇರಿದವರಲ್ಲಿ ಹುಡುಗಿಯರು ಶೇ 10ರಷ್ಟೂ ಇರಲಿಲ್ಲ. 2020ಕ್ಕೆ ಶೇ 20 ಮುಟ್ಟಿಸುವುದು ಗುರಿಯಾಗಿತ್ತು.

ಪಿಯು ಕಾಲೇಜಿನಲ್ಲಿ 19 ವರ್ಷ ಪಾಠ ಮಾಡಿದ್ದೇನೆ. ಮಗನನ್ನು ಮಂಗಳೂರಿನ ಹಾಸ್ಟೆಲ್ಲಿಗೋ ಕೋಚಿಂಗ್‌ಗೆ ಹೆಸರಾದ ರಾಜಸ್ಥಾನದ ಕೋಟಾಕ್ಕೋ ಕಳುಹಿಸಲು ಸಾಲ ಮಾಡುವ ಅಪ್ಪಂದಿರೇ ಮಗಳಿಗೆ ‘ಇಲ್ಲೇ ಓದಿ ಸಿಇಟಿ ಬರೆ’ ಎನ್ನುವುದನ್ನು ಪ್ರತಿ ಜೂನ್‌ನಲ್ಲಿ ಕೇಳಿದ್ದೇನೆ. ಅವಳ ರ‍್ಯಾಂಕ್ ಅಲ್ಲಿಯೇ ತೀರ್ಮಾನವಾಗಿರುತ್ತದೆ.

ಮಧು, ಹಾಸನ:
ಸೀಟು ಹೆಚ್ಚುವರಿ ಎಂಬುದು ನನಗೆ ತಿಳಿದಿರಲಿಲ್ಲ. ಆದರೂ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಕಂಪ್ಯೂಟರ್ ವಿಭಾಗಗಳಲ್ಲಿ ಹುಡುಗಿಯರು ಬೇಕಾದಷ್ಟಿದ್ದಾರೆ. ಕೊರತೆ ಎಲ್ಲಿದೆ?

ಅಶ್ವಿನಿ, ಬೆಂಗಳೂರು:
ಹತ್ತು ವರ್ಷ ಬಿಟ್ಟು ನೋಡಿ, ಕಾಣುತ್ತದೆ. ನಾನು ಕೆಲಸಕ್ಕೆ ಸೇರಿದಾಗ ತಂಡದ 12 ಜನರಲ್ಲಿ 6 ಮಂದಿ ಹುಡುಗಿಯರು. ಇಂದು ಆ ಆರರಲ್ಲಿ ಕೋಡ್ ಬರೆಯುತ್ತಿರುವವಳು ನಾನೊಬ್ಬಳೇ, ನಾನೂ ಮೂರು ವರ್ಷ ಹೊರಗಿದ್ದು ಬಂದವಳು. ಅಮೆರಿಕದ ಗ್ರಾಹಕರ ಕರೆ ಬರುವುದು ಮಗುವಿಗೆ ಊಟ ಮಾಡಿಸುವ ಹೊತ್ತಿಗೇ. ಮರಳಿ ಅರ್ಜಿ ಹಾಕಿದಾಗ ಸಂದರ್ಶನದಲ್ಲಿ ಮೊದಲ ಪ್ರಶ್ನೆ, ‘ಮಗುವನ್ನು ಯಾರು ನೋಡಿಕೊಳ್ಳುತ್ತಾರೆ?’ ನನ್ನ ಗಂಡನಿಗೆ ಯಾವ ಸಂದರ್ಶನದಲ್ಲೂ ಇದನ್ನು ಕೇಳಿಲ್ಲ.

ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ಹೆರಿಗೆ ರಜೆ 12 ವಾರದಿಂದ 26 ವಾರವಾಯಿತು. 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಕಡ್ಡಾಯವಾಯಿತು. ಒಳ್ಳೆಯದೇ. ಆದರೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ ವ್ಯಾಪ್ತಿಗೆ ಬಾರದ ನಮ್ಮಂಥವರ ರಜೆಯ ಸಂಬಳವನ್ನೆಲ್ಲ ಕಂಪನಿಯೇ ಭರಿಸಬೇಕು. ಮದುವೆಯಾದ ಹೆಣ್ಣೆಂದರೆ ಖರ್ಚು ಎಂದು ಲೆಕ್ಕ ಹಾಕುವವರು ಹುಟ್ಟಿಕೊಂಡಿದ್ದಾರೆ.

ಮಧು, ಹಾಸನ:
ಸಣ್ಣ ಕಂಪನಿ ನಡೆಸುವವರ ಕಷ್ಟವನ್ನೂ ನೋಡಬೇಕು. ಆ ಹೊರೆಯಲ್ಲಿ ಸರ್ಕಾರ ಪಾಲು ಹೊರಲಿ. ಇದಕ್ಕಾದರೆ ನನ್ನ ಪೂರ್ಣ ಬೆಂಬಲವಿದೆ. ಸೀಟಿನ ವಿಷಯದಲ್ಲಿ ನನ್ನ ಮನಸ್ಸು ಇನ್ನೂ ಒಪ್ಪುತ್ತಿಲ್ಲ.

ಗಣಿತದ ಮೇಡಂ:
ಅಶ್ವಿನಿ ಹೇಳಿದ್ದನ್ನು ಓದಿ ಭಾರತದ ಮೊದಲ ಮಹಿಳಾ ಎಂಜಿನಿಯರ್‌ಗಳಲ್ಲಿ ಒಬ್ಬರಾದ ಎ. ಲಲಿತಾ ನೆನಪಾದರು. 18ರ ವಯಸ್ಸಿಗೆ ವಿಧವೆ, ಮಡಿಲಲ್ಲಿ ನಾಲ್ಕು ತಿಂಗಳ ಮಗಳು. ತಂದೆ ಮದ್ರಾಸಿನ ಗಿಂಡಿ ಎಂಜಿನಿಯರಿಂಗ್ ಕಾಲೇಜಿನಲ್ಲೇ ಪ್ರಾಧ್ಯಾಪಕರು. 1940ರ ದಶಕದಲ್ಲಿ ಅಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ ಪಡೆದರು. ಪದವಿಪತ್ರದಲ್ಲಿ ಅಚ್ಚಾಗಿದ್ದ ‘ಅವನು’ ಎಂಬ ಪದವನ್ನು ಹೊಡೆದು ‘ಅವಳು’ ಎಂದು ಬರೆಯಬೇಕಾಯಿತು. ಮುಂದೆ ಭಾಕ್ರಾ ನಂಗಲ್ ಯೋಜನೆಯ ವಿದ್ಯುತ್ ಕೆಲಸದಲ್ಲೂ ದುಡಿದರು. ಅವರ ಬುದ್ಧಿ ದೊಡ್ಡದು, ಸಂದೇಹವಿಲ್ಲ. ಆದರೆ ಅವರು ಕೆಲಸಕ್ಕೆ ಹೋದಾಗ ಮಗಳನ್ನು ನೋಡಿಕೊಳ್ಳಲು ತವರಿನವರಿದ್ದರು. ಅಂಥ ತವರು ಇಲ್ಲದವರು ಏನು ಮಾಡಬೇಕು?

ಅಶ್ವಿನಿ, ಬೆಂಗಳೂರು:
ಮೇಡಂ, ನನ್ನ ಮಗುವನ್ನು ನೋಡಿಕೊಂಡದ್ದು ಅತ್ತೆ. ಅವರಿಗೆ ಮಂಡಿನೋವು ಬಂದ ತಿಂಗಳೇ ನಾನು ಕೆಲಸ ಬಿಟ್ಟದ್ದು.

ತುಂಗಾತೀರ:
ಎಲ್ಲವನ್ನೂ ಓದಿದೆ. ಭಾನುವಾರ ತಂಗಿಯ ಮನೆಗೆ ಹೋಗುತ್ತಿದ್ದೇನೆ. ಹುಡುಗಿಯ ಜೊತೆ ಮಾತು ಆಮೇಲೆ. ಮೊದಲು ಭಾವನ ಎದುರು ಕುಳಿತು ಹಾಸ್ಟೆಲ್ ವಿಷಯ ಎತ್ತುತ್ತೇನೆ. ಶುಲ್ಕದಲ್ಲಿ ಅರ್ಧ ನಾನು ಕೊಡುತ್ತೇನೆ.