ಸಹಾಯ ಬೇಕು: 8191 ಅವಿಭಾಜ್ಯವೆಂದು ಮಕ್ಕಳಿಗೆ ತೋರಿಸುವುದು ಹೇಗೆ?

ಗುಂಪಿನ ಗಣಿತ ಶಿಕ್ಷಕರೆಲ್ಲರಿಗೂ ಶರಣು ಶರಣಾರ್ಥಿ. ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನಲ್ಲಿ ಹತ್ತನೇ ತರಗತಿಗೆ ಗಣಿತ ಕಲಿಸುತ್ತೇನೆ. 6, 28, 496, 8128ರ ನಂತರದ ಐದನೇ ಪರಿಪೂರ್ಣ ಸಂಖ್ಯೆಯಾದ 33550336 ಅನ್ನು ಮಕ್ಕಳಿಗೆ ಪರಿಚಯಿಸಬೇಕೆಂದಿದ್ದೇನೆ. ಇದು 4096 ಮತ್ತು 8191ರ ಗುಣಲಬ್ಧ. ತನ್ನನ್ನು ಬಿಟ್ಟು ಉಳಿದ 25 ಭಾಜಕಗಳನ್ನು ಕೂಡಿದರೆ ಮತ್ತೆ ಇದೇ ಸಂಖ್ಯೆ ಬರುತ್ತದೆ; ಪರಿಪೂರ್ಣ ಎನ್ನುವುದು ಅದಕ್ಕೇ. 1ರಿಂದ 8191ರವರೆಗಿನ ಮೊತ್ತವೂ ಇದೇ ಆದ್ದರಿಂದ ತ್ರಿಕೋನ ಸಂಖ್ಯೆಯೂ ಹೌದು. ನನಗೆ ಬಹಳ ಹಿಡಿಸಿದ ಗುಣವಿದು.

ಆದರೆ ಇದರ ಪರಿಪೂರ್ಣತೆ ನಿಂತಿರುವುದು 8191 ಅವಿಭಾಜ್ಯ ಎಂಬುದರ ಮೇಲೆ. 2ರ 13ನೇ ಘಾತದಲ್ಲಿ 1 ಕಳೆದಾಗ ಸಿಗುವ ಈ ಸಂಖ್ಯೆಯ ಯಾವುದೇ ಅವಿಭಾಜ್ಯ ಭಾಜಕವನ್ನು 26ರಿಂದ ಭಾಗಿಸಿದರೆ ಶೇಷ 1 ಉಳಿಯಲೇಬೇಕಾದ್ದರಿಂದ, 8191ರ ವರ್ಗಮೂಲದವರೆಗೆ, ಅಂದರೆ 91ರೊಳಗೆ, 53 ಮತ್ತು 79ನ್ನಷ್ಟೇ ಪರೀಕ್ಷಿಸಿದರೆ ಸಾಕು. ಶೇಷ ಕ್ರಮವಾಗಿ 29 ಮತ್ತು 54. ಫರ್ಮಾನ ಕಿರು ಪ್ರಮೇಯ (ಅವಿಭಾಜ್ಯ p ಯಿಂದ ಭಾಗವಾಗದ ಸಂಖ್ಯೆಯ p−1ನೇ ಘಾತವನ್ನು p ಯಿಂದ ಭಾಗಿಸಿದರೆ ಶೇಷ 1 ಎನ್ನುವ ನಿಯಮ) ಓದದ ಮಕ್ಕಳಿಗೆ ಈ ನಿಯಮದ ಕಾರಣವನ್ನು ಕರಿಹಲಗೆಯ ಮೇಲೆ ವಿವರಿಸುವ ಸರಳ ದಾರಿ ಬಲ್ಲವರು ದಯವಿಟ್ಟು ತಿಳಿಸಿಕೊಡಿ.